ಎಕ್ಸ್‌ರೇಯಲ್ಲಿ ಬಳೆ

ಮೊನ್ನೆ ಬೀರು ತೆಗೆದಾಗ ಹಳದಿ ಕವರಿನೊಳಗಿಂದ ಚಿಕ್ಕಮ್ಮನ ಕೈಯ ಎಕ್ಸ್‌ರೇ ಜಾರಿಬಿತ್ತು. ಮಣಿಕಟ್ಟಿನ ಮೇಲೆ ಇನ್ನೂ ಬಳೆಗಳ ಸಾಲು.

ನನಗಾಗ ಒಂಬತ್ತು ವರ್ಷ. ಕೊಣನೂರಿನಿಂದ ಬಸ್ಸಿನಲ್ಲಿ ಹಾಸನಕ್ಕೆ ಹೋಗಿದ್ದೆವು. ಚಿಕ್ಕಮ್ಮನ ಬಲಗೈ ಊದಿಕೊಂಡು, ಹಸಿರು ಗಾಜಿನ ಬಳೆಗಳು ಮಾಂಸಕ್ಕೆ ಕಚ್ಚಿಕೊಂಡಿದ್ದವು.

“ಬಳೆ ಮೇಲಕ್ಕೆ ಹೋಗ್ತಿಲ್ಲ, ಒಡೀಬೇಕಮ್ಮ,” ಎಂದ ಎಕ್ಸ್‌ರೇ ತೆಗೆಯುವವನು.

ಅಜ್ಜಿ ಸಿಡಿದಳು. “ಗಂಡ ಗುಂಡ್‌ಕಲ್ಲಂಗೆ ಕಣ್ಮುಂದೆ ನಿಂತವ್ನೆ, ಮುತ್ತೈದೆ ಬಳೆ ಒಡಿಯೋದಾ? ಅಂಗೇ ಎಕ್ಸ್‌ರೇ ತಗಿಯಪ್ಪ.”

ಚಿಕ್ಕಪ್ಪ ಹಾಗೆಯೇ ನಿಂತಿದ್ದ. “ಬಚ್ಚಲಲ್ಲಿ ಜಾರಿದ್ಲು ಸಾ,” ಎಂದ. ಹಿಂದಿನ ದಿನ ಅವನು ಆ ಕೈ ತಿರುಚಿದ್ದನ್ನು ಅಡುಗೆಮನೆ ಬಾಗಿಲಲ್ಲಿ ನಿಂತು ನಾನು ನೋಡಿದ್ದೆ. ನನ್ನ ಪಕ್ಕದಲ್ಲಿ ಅಜ್ಜಿಯೂ ಇದ್ದಳು.

ಡಾಕ್ಟರು ಔಷಧಿ ವಾಸನೆಯ ಒದ್ದೆ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದರು. “ಹೆಬ್ಬೆರಳಿನ ಬುಡದಲ್ಲಿ ಒಂದು ಸಣ್ಣ ಮೂಳೆ ಇದೆ. ಸರಿಯಾಗಿ ಅದರ ಮೇಲೇ ಬಳೆ ಬಂದಿದೆ. ಮುರಿದಿದೆಯೋ ಇಲ್ಲವೋ ಹೇಳೋಕಾಗಲ್ಲ.”

“ಮೂಳೆ ಮುರ್ದಿಲ್ವಂತೆ ಕಣ್ರವ್ವ,” ಎಂದು ಅಜ್ಜಿ ವಾಪಸು ಬರುವಾಗ ಬಸ್ಸಿನಲ್ಲಿ ಗುರುತಿದ್ದವರಿಗೆಲ್ಲ ಹೇಳಿದಳು. ಚಿಕ್ಕಮ್ಮ ಕಿಟಕಿಯಾಚೆ ನೋಡುತ್ತಿದ್ದಳು. ಆಮೇಲೆ ಎಂದೂ ಆ ಕೈಯಲ್ಲಿ ಅವಳಿಗೆ ಬಿಂದಿಗೆ ಎತ್ತಲಾಗಲಿಲ್ಲ.

ಆರು ವರ್ಷದ ಮೇಲೆ ಚಿಕ್ಕಪ್ಪ ತೀರಿಕೊಂಡ. ಹನ್ನೊಂದನೇ ದಿನ ಅಜ್ಜಿಯೇ ಅದೇ ಕೈ ಹಿಡಿದು ಬಳೆ ಒಡೆದಳು, ಒಂದನ್ನೂ ಬಿಡದೆ. ಚಿಕ್ಕಮ್ಮ ಅಳಲಿಲ್ಲ. ಸೊಟ್ಟಗಾದ ಬರಿಗೈಯನ್ನು ಅವಳ ಮುಂದೆ ಚಾಚಿದಳು.

“ಈಗ ತಗುಸ್ಬೋದಲ್ವ ಅತ್ತೆಮ್ಮ, ಎಕ್ಸ್‌ರೇ?”