ಷಡ್ಡಕನ ಕಾಟ್ಲಾ

"ಅಣ್ಣೋ, ಕಾಟ್ಲಾ ಮೀನು ಕಣಣ್ಣೋ! ಊರಿಗೆಲ್ಲಾ ಹಂಚಬೋದು!" ಎಂದು ಚಿರಂಜೀವಿ ಕೂಗಿದಾಗ ಕೆಂಚಾರ್ಲಹಳ್ಳಿ ಕೆರೆಯ ನೀರು ಅವನ ಗಾಳದ ಸುತ್ತ ಕುದಿಯುತ್ತಿತ್ತು. ಪಕ್ಕದಲ್ಲಿ ಕೂತಿದ್ದ ಷಡ್ಡಕ ಚನ್ನಕೇಶವನ ಗಾಳ ಬೆಳಿಗ್ಗೆಯಿಂದ ಅಲುಗಿರಲಿಲ್ಲ. ಇಬ್ಬರೂ ಗಾಳಕ್ಕೆ ಚುಚ್ಚಿದ್ದು ಗೂಡು ಕಟ್ಟದೆ ಉಳಿದ ರೇಷ್ಮೆಹುಳವನ್ನೇ, ಅದೂ ಚನ್ನಕೇಶವನ ಮನೆಯದ್ದು. ಆದರೂ ಮೀನಿಗೂ ಕಿರಿಯ ಅಳಿಯನೇ ಬೇಕಾಗಿತ್ತು, ಅತ್ತೆ ಓಬಳಮ್ಮನ ಹಾಗೆ.

ಈ ಮೀನು ಮನೆಗೆ ಹೋದರೆ ಅತ್ತೆ ಏನನ್ನುತ್ತಾಳೆಂದು ಚನ್ನಕೇಶವನಿಗೆ ಈಗಲೇ ಕೇಳಿಸಿತು: "ನಮ್ಮ ಚಿರಂಜೀವಪ್ಪ ಕೈಯಿಟ್ರೆ ಮುಗೀತು!" ಅವನ ಕಣ್ಣು ನೀರಿನಿಂದ ಎದ್ದೆದ್ದು ಮುಳುಗುತ್ತಿದ್ದ ಮೀನಿನ ದಪ್ಪ ತಲೆಯ ಮೇಲೇ ಇತ್ತು. ಹಿಪ್ಪುನೇರಳೆ ಸೊಪ್ಪು ಕೊಯ್ಯಲು ತಂದಿದ್ದ ಕುಡುಗೋಲು ಯಾವಾಗ ಕೈಗೆ ಬಂತೋ, ಬಿಗಿದು ನಿಂತ ದಾರಕ್ಕೆ ಯಾವಾಗ ತಗುಲಿತೋ, ಅವನಿಗೇ ತಿಳಿಯಲಿಲ್ಲ. ದಾರ ಟಪ್ಪನೆ ಹರಿಯಿತು. ಮೀನು ಹೋಯಿತು. ಚಿರಂಜೀವಿ ಹಿಂದಕ್ಕೆ ಏರಿಯ ಮೇಲೆ ಬಿದ್ದ.

ಇನ್ನು ಬೈಗುಳ ಶುರುವಾಗುತ್ತದೆಂದು ಚನ್ನಕೇಶವ ಮುಖ ಗಂಟಿಕ್ಕಿಕೊಂಡು ನಿಂತ. ಆದರೆ ಚಿರಂಜೀವಿ ಎದ್ದು ಅವನನ್ನು ತಬ್ಬಿಕೊಂಡ.

"ಬೆಳಿಗ್ಗೆ ನೀನು ಬೇಡ ಅಂದ್ರೂ ದಾರ ಕೈಗೆ ಸುತ್ಕಂಡಿದ್ದೆ ಕಣಣ್ಣ. ಬಿಚ್ಚೋಕೇ ಆಗ್ಲಿಲ್ಲ. ಪಾಚಿ ಮೇಲೆ ಕಾಲು ಬೇರೆ ಜಾರ್ತಿತ್ತು. ನೀನು ನೋಡಿ ಕೊಯ್ದೆ, ಬದುಕ್ಕಂಡೆ. ಅತ್ತೆಗೆ ಹೇಳೇ ಹೇಳ್ತೀನಿ."

ಅವನು ಮುಂಗೈ ಎತ್ತಿ ತೋರಿಸಿದ. ಸುತ್ತಿದ್ದ ದಾರ ಚರ್ಮವನ್ನು ಕೊರೆದು ರಕ್ತ ಸುರಿಯುತ್ತಿತ್ತು.

ಚನ್ನಕೇಶವ ಆ ಕೈಯನ್ನು ಮೊದಲ ಸಲ ನೋಡಿದ್ದೇ ಆಗ.