ಭಾನುವಾರದ ಒಂದು ಗಂಟೆ

ಮಗಳು ಹುಟ್ಟಿದ ಮೇಲೆ ಶ್ರೀವತ್ಸನಿಗೆ ವಿಡಿಯೊ ಗೇಮ್ ಆಡಲು ಉಳಿದದ್ದು ವಾರಕ್ಕೆ ಒಂದೇ ಗಂಟೆ, ಭಾನುವಾರ ಸಂಜೆ ನಾಲ್ಕರಿಂದ ಐದು. ಅಷ್ಟು ಹೊತ್ತು ಎರಡೂವರೆ ವರ್ಷದ ಪುಟ್ಟಿಯನ್ನು ಹೆಂಡತಿ ನೋಡಿಕೊಳ್ಳಬೇಕು ಎಂದು ಇಬ್ಬರೂ ಒಪ್ಪಿಕೊಂಡಿದ್ದರು. ಅಂದೂ ಅವನು ಕೋಣೆಯ ಬಾಗಿಲು ಹಾಕಿಕೊಂಡು, ಕಿವಿಗೆ ಹೆಡ್‌ಫೋನ್ ಏರಿಸಿ ಕುಳಿತ. ಜೊತೆಗೆ ಆಡುತ್ತಿದ್ದವನು ಬೇರೆ ಊರಿನಲ್ಲಿದ್ದ ಗೆಳೆಯ ಜಯಂತ. ಆಟದ ಭರದಲ್ಲಿ ಅವನು ಹೇಳಿದ್ದಕ್ಕೆಲ್ಲ ಶ್ರೀವತ್ಸ ಜೋರಾಗಿ ಹ್ಞೂಂ, ಹ್ಞೂಂ ಎನ್ನುತ್ತಿದ್ದ.

“ನಿಮ್ಮನೇಲಿ ಯಾರೋ ಬಾಗಿಲು ಬಡೀತಿದಾರೆ ಕಣೋ. ನಿನ್ನ ಮೈಕಲ್ಲಿ ಕೇಳ್ತಿದೆ,” ಎಂದ ಜಯಂತ.

“ಪುಟ್ಟಿ ಇರ್ಬೇಕು. ಅವಳಮ್ಮ ಇದಾಳೆ. ನೀನು ಎಡಗಡೆ ನೋಡ್ಕೋ.”

“ಅಳ್ತಿದೆ ಕಣೋ ಮಗು.”

“ಎತ್ಕೋತಾಳೆ ಬಿಡೋ. ಇದೊಂದು ಗಂಟೆ ನಂದು.”

ಇಬ್ಬರೂ ಆಟ ಮುಂದುವರಿಸಿದರು.

“ಅಳು ನಿಂತ್ಹೋಯ್ತು,” ಎಂದ ಜಯಂತ.

“ನೋಡ್ದ್ಯಾ, ಹೇಳಿದ್ನಲ್ಲ,” ಎಂದು ಶ್ರೀವತ್ಸ ನಕ್ಕ.

ಐದಕ್ಕೆ ಆಟ ಗೆದ್ದು ಹೊರಗೆ ಬಂದ. ನಡುಮನೆಯಲ್ಲಿ ಯಾರೂ ಇರಲಿಲ್ಲ. ಬೀದಿ ಬಾಗಿಲು ತೆರೆದಿತ್ತು, ಗೇಟೂ ತೆರೆದಿತ್ತು. ತಾಯಿ ಮಗಳು ಅಂಗಡಿಗೆ ಹೋಗಿರಬೇಕು ಎಂದುಕೊಂಡು ಮೆಟ್ಟಿಲ ಮೇಲೆ ಕುಳಿತ. ಗೆದ್ದ ಖುಷಿ ಇನ್ನೂ ಮುಖದ ಮೇಲಿತ್ತು.

ಅಷ್ಟರಲ್ಲಿ ಹೆಂಡತಿ ತರಕಾರಿ ಚೀಲ ಹಿಡಿದು ಒಬ್ಬಳೇ ಬಂದಳು.

“ರೀ, ಪುಟ್ಟೀನ ಒಬ್ಬಳನ್ನೇ ಒಳಗೆ ಬಿಟ್ಟು ಇಲ್ಲಿ ಕೂತಿದೀರಲ್ಲ? ನಾನು ಹೊರಡುವಾಗ ನೋಡ್ಕೊಳ್ಳಿ ಅಂದಿದ್ದಕ್ಕೆ, ಒಳಗಿಂದ ಹ್ಞೂಂ ಅಂದ್ರಿ ತಾನೇ?”