ಗೋಡೆಯ ಮೇಲಿನ ಮೊದಲ ಹೆಸರು

ಗೋಡೆಯ ಪರದೆಯಲ್ಲಿ ತಿಂಗಳ ಪಟ್ಟಿ ಮೂಡಿದ್ದೇ ತಡ, ಸಾಫ್ಟ್‌ವೇರ್ ಕಚೇರಿಯೆಲ್ಲ ಚಪ್ಪಾಳೆ ತಟ್ಟಿತು. ಹೆಚ್ಚು ದೂರು ಬಗೆಹರಿಸಿದವರ ಸಾಲಿನಲ್ಲಿ ಕಿರಿಯ ಓರಗಿತ್ತಿ ಎಲ್ಲರಿಗಿಂತ ಮೊದಲು, ಹಿರಿಯಳು ಎಲ್ಲರಿಗಿಂತ ಕೊನೆ. ಕಿರಿಯಳು ಕೆಲಸಕ್ಕೆ ಸೇರಿ ಎರಡು ವಾರವಾಗಿಲ್ಲ! ಮನೆಯಲ್ಲಿ ಅತ್ತೆಯನ್ನು ಬುಟ್ಟಿಗೆ ಹಾಕಿಕೊಂಡದ್ದು ಸಾಲದೆ ಇಲ್ಲಿಗೂ ಬಂದಳೇ ಎಂದು ಹಿರಿಯಳು ಒಳಗೊಳಗೇ ಉರಿದಳು.

ಪಟ್ಟಿಯಲ್ಲಿ ಹೆಸರುಗಳಷ್ಟೇ ಇದ್ದವು. ಏನೋ ಮೋಸವಿದೆ, ಹಿಡಿದೇ ತೀರುತ್ತೇನೆ ಎಂದು ಅವಳು ಕಂಪ್ಯೂಟರಿನಲ್ಲಿ ಲೆಕ್ಕ ತೆರೆದು ನೋಡಿದಳು. ಕಿರಿಯಳದು ಒಂಬತ್ತು ದೂರು, ತನ್ನದು ನೂರೆರಡು! ಹಾಲು ಕುಡಿದಷ್ಟು ಸಂತೋಷವಾಯಿತು. ಪಟ್ಟಿ ಮಾಡುವ ಪ್ರೋಗ್ರಾಮ್ ಅವನ್ನು ಸಂಖ್ಯೆಗಳಾಗಿ ಬದಲಿಸದೆ ಬರೀ ಅಕ್ಷರಗಳಂತೆ ಹೋಲಿಸಿತ್ತು. ನೂರೆರಡರ ಮೊದಲ ಅಂಕಿ ಒಂದು, ಒಂಬತ್ತು ಅದಕ್ಕಿಂತ ದೊಡ್ಡದು ಎಂದು ಅಲ್ಲಿಗೇ ತೀರ್ಪು ಕೊಟ್ಟಿತ್ತು. ಯಾವ ದಡ್ಡರು ಬರೆದದ್ದೆಂದು ಪ್ರೋಗ್ರಾಮಿನ ಆ ಸಾಲಿನ ಪಕ್ಕ ನೋಡಿದಳು. ಅಲ್ಲಿ ಅವಳದೇ ಹೆಸರಿತ್ತು.

"ಅಕ್ಕಾ," ಕುರ್ಚಿಯ ಹಿಂದೆ ನಿಂತು ಕಿರಿಯಳು ಪಿಸುಗುಟ್ಟಿದಳು. "ನಾನೂ ಈಗ್ಲೇ ನೋಡ್ದೆ. ಪಟ್ಟಿ ತಪ್ಪಾಗಿದೆ, ಮೊದಲ್ನೇ ಜಾಗ ನಮ್ಮಕ್ಕಂದು ಅಂತ ಮ್ಯಾನೇಜರಿಗೆ ಹೇಳಿ ಬಂದೆ. ಇದನ್ನ ಬರೆದಿದ್ದು ಯಾರು ಅಂತ ಕೇಳಿದ್ರು. ಗೊತ್ತಿಲ್ಲ ಅಂದ್ಬಿಟ್ಟೆ."

ಹಿರಿಯಳು ಆ ಒಂದು ಸಾಲನ್ನು ಸರಿಪಡಿಸಿದಳು. ಗೋಡೆಯ ಮೇಲೆ ಅವಳ ಹೆಸರು ತುದಿಗೇರಿತು. ಮತ್ತೆ ಚಪ್ಪಾಳೆ. ಎಲ್ಲರಿಗಿಂತ ಜೋರಾಗಿ ತಟ್ಟುತ್ತಿದ್ದವಳು ಕಿರಿಯಳೇ. ಈ ಮೊದಲ ಜಾಗವೂ ಇವಳು ಕೊಟ್ಟದ್ದೇ ಆಯಿತಲ್ಲ ಎಂದು ಹಿರಿಯಳು ಹಲ್ಲು ಕಚ್ಚಿಕೊಂಡು ನಕ್ಕಳು.